ಕಣಿವೆ ಇಳಿದ ಮಾರುತಿ

ಚಿಕ್ಕಬಳ್ಳಾಪುರ
9 ಜೂನ್ 2024

ವರದರಾಜನಿಗೆ,

ಸುಧೀಂದ್ರ ಎಂಬ ಹೆಸರಿನ, ಬಿ.ಎ. ಎರಡನೇ ದರ್ಜೆಯಲ್ಲಿ ತೇರ್ಗಡೆಯಾದ, ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಹಳೇ ಕಾರುಗಳ ರಿಪೇರಿಯಿಂದ ಹೊಟ್ಟೆ ಹೊರೆಯುತ್ತಿರುವ ನಾನು, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ನಿನ್ನೆ ಸಂಜೆ ನಾನೊಂದು ಕಳ್ಳತನ ಮಾಡಿದೆ. ಕದ್ದ ಮಾಲು, ಒಂದು ಡಬ್ಬಿ ಕೋಡುಬಳೆ. ಮಾಲಿನ ಒಡತಿ ನಿನ್ನ ಶ್ರೀಮತಿ ಪಂಕಜ. ಅದು ತಲುಪಬೇಕಾಗಿದ್ದದ್ದು ಇಲ್ಲೇ ಇರುವ ಅವರ ತಂಗಿ ಕಲ್ಯಾಣಿಯ ಮನೆಗೆ.

ಬಸ್ಸಿನ ಕಂಡಕ್ಟರ್ ಗಂಗುಲಪ್ಪ ನೀನು ಕಳಿಸಿದ ಬ್ರೇಕಿನ ಸಾಮಾನನ್ನೂ ಆ ಡಬ್ಬಿಯನ್ನೂ ಒಂದೇ ಚೀಲದಲ್ಲಿ ತಂದ. "ಇದು ನಿಮ್ದು ಸಾರ್, ಇದು ಕಲ್ಯಾಣಮ್ಮೋರ್ದು" ಅಂದದ್ದು ನನಗೆ ಚೆನ್ನಾಗಿಯೇ ಕೇಳಿಸಿತು. ಆದರೆ ಮುಚ್ಚಳ ತೆಗೆದರೆ ಒಳಗಿದ್ದದ್ದೆಲ್ಲ ಪಿಸ್ಟನ್ ರಿಂಗಿನ ಹಾಗೆ ದುಂಡಗಿತ್ತು. ದುಂಡಗಿರುವ ಬಿಡಿಭಾಗವೆಲ್ಲ ಮೆಕ್ಯಾನಿಕ್ಕಿಗೆ ಸೇರಿದ್ದು ಎಂದು ನನ್ನೊಡನೆ ನಾನೇ ವಾದಿಸಿ, ನಾನೇ ತೀರ್ಪು ಕೊಟ್ಟು, ತಿಂದು ಮುಗಿಸಿದೆ. ಕೊನೆಯವೆರಡನ್ನು ಶಾಂಭವಿಗೆ ಕೊಟ್ಟೆ. ಹೆಂಡತಿ ಸಹ ಆರೋಪಿಯಾದರೆ ಮನೆಯಲ್ಲಿ ವಿಚಾರಣೆ ಇರುವುದಿಲ್ಲ.

ಎಂಟು ತಿಂಗಳಾದ ಮೇಲೆ ಬರೆಯುವ ಮೊದಲ ಕಾಗದ ಹೀಗಿರಬಾರದಿತ್ತು. ಏನು ಮಾಡಲಿ, ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಕೂತಿದ್ದೀ. ನನಗೆ ಬೇಕಾದ ಹಳೇ ಬಿಡಿಭಾಗ ಇಷ್ಟು ದಿನ ಶಾಂಭವಿಯ ಫೋನಿಂದ ಪಂಕಜ ಅವರ ಫೋನಿಗೆ ಹೋಗಿ ನಿನ್ನ ಗುಜರಿ ಅಂಗಡಿ ತಲುಪುತ್ತಿತ್ತು. ಮೊನ್ನೆ ಶಾಂಭವಿ, "ಈ ವಾಷರು, ಸಿಲಿಂಡರು ಎಲ್ಲ ಟೈಪ್ ಮಾಡಿ ನನ್ನ ಬೆರಳು ಗ್ರೀಸ್ ವಾಸನೆ ಬರ್ತಿದೆ ಕಣ್ರೀ, ನೀವೇ ಬರ್ಕೊಳ್ಳಿ" ಅಂದಳು. ಗಂಗುಲಪ್ಪನ ಚೀಲಕ್ಕೆ ಬ್ಲಾಕ್ ಮಾಡುವ ಗುಂಡಿ ಇಲ್ಲ. ಅದಕ್ಕೇ ಈ ಕಾಗದ.

ನಮ್ಮ ಸ್ನೇಹಕ್ಕೆ ಬ್ರೇಕ್ ಬಿದ್ದದ್ದು ಬ್ರೇಕ್ ಬೀಳದ ದಿನ. ಆ ಅಂಬಾಸಡರನ್ನು ರಿಪೇರಿ ಮಾಡಿ ಕಣಿವೆ ರಸ್ತೆಯಲ್ಲಿ ಪರೀಕ್ಷೆಗೆ ಇಳಿಸುವಾಗ ಎರಡನೇ ತಿರುವಿನಲ್ಲಿ ಬ್ರೇಕ್ ಪೈಪು ಒಡೆದು ಪೆಡಲ್ಲು ನೆಲಕ್ಕೆ ಹೋಯಿತು. ನಾನು ಪಕ್ಕದ ಮಣ್ಣುದಿಬ್ಬಕ್ಕೆ ಗಾಡಿ ನುಗ್ಗಿಸಿ ನಿಲ್ಲಿಸಿದೆ. ನಿನಗೂ ಏನೂ ಆಗಲಿಲ್ಲ, ನನಗೂ ಆಗಲಿಲ್ಲ. ಮಾರನೇ ದಿನ ಟೀ ಅಂಗಡಿಯಲ್ಲಿ, ನೀನು "ಅಯ್ಯೋ ಅಮ್ಮಾ" ಅಂತ ಕಿರುಚಿಕೊಂಡದ್ದನ್ನು ನಾನು ಸ್ವಲ್ಪ ಅಭಿನಯಿಸಿ ತೋರಿಸಿದೆ. ಜನ ನಕ್ಕರು. ನೀನು ಟೀ ಅರ್ಧಕ್ಕೇ ಬಿಟ್ಟು ಎದ್ದೆ. ಹದಿನೆಂಟು ವರ್ಷದ ಪಾಲುದಾರಿಕೆಯನ್ನೂ ಅರ್ಧಕ್ಕೇ ಬಿಟ್ಟು ಗೌರಿಬಿದನೂರಿಗೆ ಹೊರಟುಹೋದೆ. ನಿಲ್ಲದ್ದು ಕಾರು, ನಿಂತದ್ದು ಮಾತು.

ನಾನೇನೂ ಬದಲಾಗಿಲ್ಲ. ಬ್ರೇಕ್ ಕೆಲಸ ಮಾಡಿದ ಗಾಡಿಯನ್ನು ಈಗಲೂ ಖುದ್ದಾಗಿ ಕಣಿವೆ ಇಳಿಸಿಯೇ ಮಾಲೀಕನಿಗೆ ಒಪ್ಪಿಸುವುದು. ಇಳಿಯುವಾಗ ಒಂದು ಕೈ ಸ್ಟೇರಿಂಗ್ ಮೇಲೆ, ಒಂದು ಕೈ ಕಿಟಕಿ ಮೇಲೆ, ಬಾಯಲ್ಲಿ ಹಾಡು. ನೀನು ಮಾತ್ರ ಈಗ ರೈಲು ಬಿಟ್ಟರೆ ಬಸ್ಸು, ಬಸ್ಸು ಬಿಟ್ಟರೆ ಕಾಲು ಅಂತ ಕೇಳಿದೆ. ಹೆದರುಪುಕ್ಕಲಾ.

ಸಾಮಾನು ಸರಿಯಾಗಿದೆ. ಕೋಡುಬಳೆಗೆ ಖಾರ ಸ್ವಲ್ಪ ಕಮ್ಮಿ.

ನಿನ್ನ ಅಪರಾಧಿ,
ಸುಧೀಂದ್ರ


ಗೌರಿಬಿದನೂರು
16 ಜೂನ್ 2024

ಸುಧಿ,

ಪಂಕಜ ಬೇರೆ ಕೋಡುಬಳೆ ಕರಿದು ಕಳಿಸಿದ್ದಾಳೆ. ಈ ಸಲ ಡಬ್ಬಿ ಗಂಗುಲಪ್ಪನ ಸೀಟಿನ ಕೆಳಗಿದೆ, ನಿನ್ನ ಚೀಲದಲ್ಲಿಲ್ಲ.

ಹೆದರುಪುಕ್ಕಲ ಅಂತ ಬರೆದಿದ್ದೀ. ಹೌದು. ಬರೆದುಕೊಳ್ಳೋಕೆ ನನಗೆ ನಾಚಿಕೆ ಇಲ್ಲ. ಊಟಕ್ಕೆ ಕೂತಾಗಲೂ ನನ್ನ ಬಲಗಾಲು ನೆಲ ಒತ್ತುತ್ತೆ. "ಏನ್ರೀ ಅದು, ಇರುವೆ ತುಳೀತಿದೀರಾ" ಅಂತಾಳೆ ಪಂಕಜ. ಹೌದು ಅಂತೀನಿ. ಪೆಡಲ್ಲು ನೆಲಕ್ಕೆ ಹೋದಾಗ ಒಂದು ಸದ್ದು ಬಂತಲ್ಲ, ಒದ್ದೆ ಬಟ್ಟೆ ಕಲ್ಲಿನ ಮೇಲೆ ಬಿದ್ದ ಹಾಗೆ, ಅದು ಈಗ ನಮ್ಮನೆ ಬಚ್ಚಲಲ್ಲೂ ಕೇಳುತ್ತೆ.

ಬರೆಯೋಕೆ ಕಾರಣ ಬೇರೆ ಇದೆ. ಮಗಳು ಶರ್ವಾಣಿಗೆ ಚಿಕ್ಕಬಳ್ಳಾಪುರದ ಒಂದು ಕಾಲೇಜಲ್ಲಿ ಅತಿಥಿ ಉಪನ್ಯಾಸಕಿ ಕೆಲಸ ಸಿಕ್ಕಿದೆ. ಜುಲೈನಿಂದ ಹೋಗಬೇಕು. ಕೊನೇ ಕ್ಲಾಸು ಮುಗಿಸಿ ಬಸ್ಸಿಗೆ ಕಾದು ಮನೆ ಸೇರೋದು ಆಗಲ್ಲ ಅಂತ, ನನ್ನನ್ನ ಒಂದು ಮಾತೂ ಕೇಳದೆ, ನಗರಗೆರೆ ಮುನಿಶಾಮಿ ಮೇಷ್ಟ್ರ ಹತ್ತಿರ ಒಂದು ಮಾರುತಿ 800 ತಗೊಂಡಿದ್ದಾಳೆ. ತೊಂಬತ್ತೇಳರ ಗಾಡಿ. ದಿನಾ ಸಂಜೆ ಅದರಲ್ಲಿ ಆ ಕಣಿವೆ ಇಳಿದು ಬರ್ತಾಳಂತೆ. ಅದೇ ಕಣಿವೆ.

ಬೇಡ ಅನ್ನಬಹುದು. ಯಾಕೆ ಅಂತ ಕೇಳ್ತಾಳೆ. ಅಪ್ಪನಿಗೆ ಭಯ ಅಂತ ಹೇಳಬೇಕು. ಆಮೇಲೆ ಅವಳು ಕೆಲಸಾನೂ ಬಿಡ್ತಾಳೆ, ನನ್ನನ್ನ ನೋಡಿ ಕನಿಕರಾನೂ ಪಡ್ತಾಳೆ. ಎರಡೂ ನನಗೆ ಬೇಡ.

ಬ್ರೇಕು ನೀನು ಮಾಡು. ಬೇರೆಯವರ ಕೈ ಬೇಡ. ಮಾಡಿ, ನೀನೇ ಪೆಡಲ್ ಮೇಲೆ ಕಾಲಿಟ್ಟು ಕಣಿವೆ ಇಳಿಸಿ, ಇಳಿಸಿದೆ ಅಂತ ಒಂದು ಸಾಲು ಬರಿ. ಆಮೇಲೆ ನಾನು ಬಾಯಿ ಮುಚ್ಕೊಂಡಿರ್ತೀನಿ. ನಿನ್ನ ಮೇಲೆ ಕೋಪ ಇದೆ. ನಿನ್ನ ಕೈಮೇಲೆ ಇಲ್ಲ.

ವರದರಾಜ


ಚಿಕ್ಕಬಳ್ಳಾಪುರ
8 ಜುಲೈ 2024

ವರದ,

ಮಾರುತಿ ದಯಮಾಡಿಸಿದ್ದಾನೆ. ಮೇಷ್ಟ್ರ ಪಕ್ಕದ ಮನೆಯ ಗಂಗರಾಜು ಓಡಿಸಿಕೊಂಡು ಬಂದ. ಈ ಮಾರುತಿಗೆ ಬಾಲವಿಲ್ಲ. ಸೈಲೆನ್ಸರು ಮಂಚೇನಹಳ್ಳಿ ಹತ್ತಿರ ಉದುರಿತಂತೆ. ಅಲ್ಲಿಂದ ಇಲ್ಲಿಯವರೆಗೆ ಗಾಡಿ ಹಾಕಿದ ಹುಂಕಾರಕ್ಕೆ ದಾರಿಯ ನಾಯಿಗಳೆಲ್ಲ ಭಕ್ತರಾಗಿ ಹಿಂದೆ ಓಡಿ ಬಂದವು. ಸೀಟಿನ ಕೆಳಗೆ ಮೇಷ್ಟ್ರ ಸೀಮೆಸುಣ್ಣ ಸಿಕ್ಕಿತು. ಬೋರ್ಡಿಗಿಂತ ಗಾಡಿಯೇ ಹೆಚ್ಚು ಪಾಠ ಕಲಿತ ಹಾಗಿದೆ.

ನಕ್ಕಿದ್ದು ಸಾಕು, ಬ್ರೇಕಿಗೆ ಬರೋಣ. ಮುಂದಿನ ಬ್ರೇಕ್ ಪೈಪು ನೋಡಲು ಮದುವಣಿಗನ ಹಾಗಿತ್ತು. ಬೆರಳಲ್ಲಿ ಬಗ್ಗಿಸಿದೆ. ಬಗ್ಗಿದ ಕಡೆ ಕೂದಲೆಳೆಯಂಥ ಒಂದು ಬಿರುಕು ಬಾಯಿ ತೆರೆಯಿತು. ಅದನ್ನು ಕೈಯಲ್ಲಿ ಹಿಡಿದು ಗಾಡಿಯ ಕೆಳಗೇ ಮಲಗಿದ್ದೆ. ಶಾಂಭವಿ ಊಟದ ಡಬ್ಬಿ ತಂದು, "ಎದ್ದೇಳ್ರೀ, ನಿದ್ದೆ ಬಂತಾ" ಅಂತ ಕಾಲು ಅಲ್ಲಾಡಿಸಿದ ಮೇಲೇ ಎದ್ದದ್ದು.

ಪೈಪುಗಳೆಲ್ಲ ಹೊಸವು ಹಾಕಿದೆ. ಒಳಗಿನ ರಬ್ಬರೂ ಹೊಸದು, ಹಿಂದಿನ ಶೂ ಮತ್ತು ಡ್ರಮ್ಮೂ ಹೊಸವೇ. ಬಿಗಿ ಮಾಡಿದ್ದನ್ನು ಮತ್ತೆ ಬಿಗಿ ಮಾಡಿದೆ. ಶಟರ್ ಎಳೆದು ಮನೆಗೆ ಹೊರಟವನು ಅರ್ಧ ದಾರಿಯಿಂದ ವಾಪಸು ಬಂದು ಬೀಗ ತೆಗೆದು ನೋಡಿದೆ. ಎಲ್ಲ ಬಿಗಿಯಾಗಿಯೇ ಇತ್ತು. ಬೀಗ ಹಾಕಿದೆ. ಮತ್ತೆ ತೆಗೆದೆ. ಎದುರಿನ ಪಂಚರ್ ಅಂಗಡಿಯವನು, "ಏನ್ ಸಾರ್, ಒಳಗೆ ಯಾರನ್ನಾದ್ರೂ ಕೂಡಿ ಹಾಕಿದೀರಾ" ಅಂದ.

ಇನ್ನು ಕಣಿವೆ. ಹೋದ ವಾರ ಮಳೆ. ಈಗ ಆಷಾಢ. ನಗಬೇಡ. ಮೊನ್ನೆ ಕಾಲೇಜು ಮುಗಿಸಿ ಬಂದ ಶರ್ವಾಣಿಯೂ ನಕ್ಕಳು. "ಚಿಕ್ಕಪ್ಪ, ಮದುವೆಗೆ ಆಷಾಢ ಅಡ್ಡ ಬರುತ್ತೆ ಸರಿ, ಬ್ರೇಕಿಗೂ ಬರುತ್ತಾ" ಅಂದಳು. "ಹೊಸ ಶೂ, ಹೊಸ ಡ್ರಮ್ಮು, ಎರಡೂ ಈಗ ತಾನೇ ಕೂಡಿವೆ ಕಣಮ್ಮ. ಆಷಾಢದಲ್ಲಿ ಹೊಸ ಜೋಡೀನ ಒಟ್ಟಿಗೆ ಇಡ್ತಾರಾ" ಅಂದೆ. ಗಂಡ ಹೆಂಡಿರನ್ನು ದೂರ ಇಟ್ಟರೆ ಶಾಸ್ತ್ರ, ಶೂ ಡ್ರಮ್ಮು ದೂರ ಇಟ್ಟರೆ ಗಾಡಿ ನಿಲ್ಲೋದು ಹೇಗೆ ಅಂತ ಕೇಳಿದಳು. ಅರ್ಥಶಾಸ್ತ್ರ ಓದಿದವರ ಹತ್ತಿರ ಧರ್ಮಶಾಸ್ತ್ರ ನಡೆಯುವುದಿಲ್ಲ.

ಶ್ರಾವಣ ಬರಲಿ. ಅಲ್ಲಿಯವರೆಗೆ ಗಾಡಿ ನನ್ನ ಶೆಡ್ಡಿನಲ್ಲಿ ವ್ರತದಲ್ಲಿರಲಿ.

ಸುಧೀಂದ್ರ
ಬಿ.ಎ., ಅಂದರೆ ಬ್ರೇಕ್ ಅಡ್ಜಸ್ಟರ್


ಗೌರಿಬಿದನೂರು
17 ಜುಲೈ 2024

ಸುಧಿ,

ನೀನು ಪಂಚಾಂಗ ನೋಡೋಕೆ ಯಾವಾಗ ಶುರು ಮಾಡಿದೆ? ನಿನ್ನ ಮದುವೇಲೇ ಪುರೋಹಿತರಿಗೆ ರಾಹುಕಾಲ ಅಂದರೆ ಕಾಫಿ ಕಾಲ ಅಂದಿದ್ದವನು ನೀನು.

ದಿನಾ ಸಂಜೆ ನಾನು ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ತೀನಿ. ಅವಳು ಬರೋ ಬಸ್ಸು ತಡವಾದರೆ ಆ ಕಡೆಯಿಂದ ಬಂದವರನ್ನೆಲ್ಲ, ಕಣಿವೇಲಿ ಏನಾದ್ರೂ ಆಗಿದೆಯಾ ಅಂತ ಕೇಳ್ತೀನಿ. ನೆನ್ನೆ ಅವಳು ಇಳಿದು ಬಂದವಳೇ, "ಅಪ್ಪ, ನಾನು ಬಸ್ಸಲ್ಲಿ ಬಂದ್ರೂ ಹೀಗೇ ನಿಂತಿರ್ತೀಯ, ಕಾರಲ್ಲಿ ಬಂದ್ರೂ ಹೀಗೇ ನಿಂತಿರ್ತೀಯ, ಕಾರಲ್ಲೇ ಬರ್ತೀನಿ ಬಿಡಪ್ಪ" ಅಂದಳು.

ಗಾಡಿ ಇಳಿಸಿದೆಯೋ ಇಲ್ಲವೋ, ಅಷ್ಟು ಬರಿ. ತಮಾಷೆ ಬೇಡ.

ಇನ್ನೊಂದು ಮಾತು. ಆವತ್ತು ಅಂಬಾಸಡರಿನಲ್ಲಿ ಕಿರುಚಿಕೊಂಡದ್ದು ಯಾರು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಟೀ ಅಂಗಡೀಲಿ ನಾನು ಬಾಯಿ ಬಿಡಲಿಲ್ಲ. ಇನ್ನೂ ಯಾರ ಹತ್ತಿರಾನೂ ಬಿಟ್ಟಿಲ್ಲ.

ವರದರಾಜ


ಚಿಕ್ಕಬಳ್ಳಾಪುರ
7 ಆಗಸ್ಟ್ 2024

ಪ್ರಿಯ ವರದ,

ಶ್ರಾವಣ ಬಂತು, ಮಾರುತಿ ಇಳಿಯಿತು.

ನಿನ್ನೆ ಸಂಜೆ ಶರ್ವಾಣಿಯನ್ನು ಕಾಲೇಜಿನಿಂದ ಕರೆದುಕೊಂಡು ಹೊರಟೆ. ಕಣಿವೆಯ ನೆತ್ತಿಯಲ್ಲಿ ಒಂದು ಗಳಿಗೆ ನಿಲ್ಲಿಸಿ ಬಾನೆಟ್ ತೆಗೆದು ನೋಡಿದ್ದಾಯಿತು. ಆಮೇಲೆ ಇಳಿಯುವುದು. ಮೊದಲ ತಿರುವು, ಪೆಡಲ್ಲು ಅರ್ಧಕ್ಕೇ ಗಟ್ಟಿಯಾಗಿ ನಿಂತಿತು. ಎರಡನೇ ತಿರುವು, ನಮ್ಮ ಹಳೇ ಮಣ್ಣುದಿಬ್ಬ. ಅದರ ಮೇಲೆ ಈಗ ಹುಲ್ಲು ಬೆಳೆದಿದೆ, ನಮ್ಮ ಗುರುತು ಏನೂ ಉಳಿದಿಲ್ಲ. ಅದಕ್ಕೊಂದು ನಮಸ್ಕಾರ ಹಾಕಿ ಮುಂದೆ ಬಂದೆವು. ಎದುರಿಗೆ ಬಂಡೆಗುಡ್ಡಗಳ ಮೇಲೆ ಸಂಜೆ ಬಿಸಿಲು, ಕೆಳಗೆ ಮಂಚೇನಹಳ್ಳಿ ಕಡೆಯ ಹೊಲಗಳು, ತಂಪು ಗಾಳಿ. ಇಂಥ ಜಾಗದಲ್ಲಿ ಹೆದರುವವನಿಗೆ ರಸಿಕತೆ ಇಲ್ಲ ಅನ್ನಬೇಕು. ಒಂದು ಹಳೇ ಭಾವಗೀತೆ ಗುನುಗಿಕೊಂಡೆ ಕೂಡ.

ಮಂಚೇನಹಳ್ಳಿಯಲ್ಲಿ ನಾನು ಇಳಿದು ಬಸ್ಸು ಹಿಡಿದೆ. ಅಲ್ಲಿಂದ ನಿಮ್ಮ ಮನೆವರೆಗೆ ಶರ್ವಾಣಿ ಓಡಿಸಿಕೊಂಡು ಬಂದಳು. ಒಳ್ಳೇ ಕೈ ಅವಳದು. ನಿನ್ನ ಹಾಗೆ ಗೇರಿನ ಜೊತೆ ಜಗಳ ಆಡುವುದಿಲ್ಲ.

ನೀನು ಕೇಳಿದ ಒಂದು ಸಾಲು ಇದು: ಇಳಿಸಿದೆ. ಇನ್ನು ನಿನ್ನ ಬಲಗಾಲಿಗೆ ರಜೆ ಕೊಡು, ಇರುವೆಗಳು ಬದುಕಿಕೊಳ್ಳಲಿ.

ಧೀರನಾದ
ಸುಧೀಂದ್ರ


ಗೌರಿಬಿದನೂರು
9 ಆಗಸ್ಟ್ 2024

ಸುಧಿ,

ನಿನ್ನ ಕಾಗದ ಬರೋದಕ್ಕೆ ಮುಂಚೇನೇ ಗಾಡಿ ಬಂತು.

ಮಂಗಳವಾರ ಸಂಜೆ ನಾನು ಮನೆ ಬಾಗಿಲಲ್ಲೇ ನಿಂತಿದ್ದೆ. ಗಾಡಿ ತಿರುಗಿದ್ದು ಕಂಡು ಎದೆ ಹಗುರ ಆಯ್ತು. ಹತ್ತಿರ ಬಂದ ಮೇಲೆ ವಾಸನೆ ಬಂತು. ನಿನಗೆ ಗೊತ್ತಲ್ಲ, ಬ್ರೇಕ್ ಶೂ ಸುಡೋ ವಾಸನೆ. ಹಿಂದಿನ ಎರಡು ಚಕ್ರಾನೂ ಮುಟ್ಟೋಕಾಗಲಿಲ್ಲ. ನೀರಿನ ಹನಿ ಹಾಕಿದೆ, ಚುಂಯ್ ಅಂತು. ಪಂಕಜ ಆರತಿ ತಟ್ಟೆ ಹಿಡ್ಕೊಂಡು ಬಂದವಳು ಹಾಗೇ ಒಳಗೆ ಹೋದಳು.

ಏನಾಯ್ತು ಅಂತ ಶರ್ವಾಣೀನ ಕೇಳಿದರೆ, "ಗಾಡಿ ಚೆನ್ನಾಗೇ ಇಳೀತು, ಮಿಕ್ಕಿದ್ದು ಚಿಕ್ಕಪ್ಪನ್ನ ಕೇಳು" ಅಂತಾಳೆ. ಅದಕ್ಕಿಂತ ಒಂದಕ್ಷರ ಹೆಚ್ಚು ಬರಲ್ಲ.

ಬ್ರೇಕು ಹಿಡಿದುಕೊಂಡಿದೆ ಸುಧಿ. ಬಿಡ್ತಾ ಇಲ್ಲ. ಇವತ್ತು ಕಾಯುತ್ತೆ, ನಾಳೆ ಆಯಿಲ್ ಕುದಿಯುತ್ತೆ, ನಾಳಿದ್ದು ಪೆಡಲ್ಲು ನೆಲಕ್ಕೆ. ಒಂದು ಸಲ ನೋಡಿದ್ದೀನಿ, ಸಾಕು. ಭಾನುವಾರ ಗಂಗರಾಜು ಬಂದು ಗಾಡೀನ ತೂಕಕ್ಕೆ ಹಾಕೋಕೆ ನಮ್ಮ ಗುಜರಿ ಅಂಗಡಿಗೆ ಒಯ್ತಾನೆ. ಶರ್ವಾಣಿಗೂ ಹೇಳಿಯಾಯ್ತು. ಅವಳು ಅಳಲಿಲ್ಲ, ಜಗಳಾನೂ ಆಡಲಿಲ್ಲ. ಕೊನೇ ಕ್ಲಾಸು ತಗೊಳ್ಳೋಕಾಗಲ್ಲ ಅಂತ ಕಾಲೇಜಿಗೆ ಬರೆದುಕೊಡ್ತೀನಿ, ಅವರು ಬೇಡ ಅಂದರೆ ಬಿಟ್ಟುಬಿಡ್ತೀನಿ ಅಂದಳು.

ನಾನು ನಂಬಿದ್ದು ನಿನ್ನ ಕೈಯನ್ನ. ಆ ಬ್ರೇಕಿಗೆ ಏನಾಗಿದೆ ಅಂತ ಗೊತ್ತಿದ್ದರೆ ಬರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬರಿ. ಹಾಡು, ಬಿಸಿಲು, ಗುಡ್ಡ ಬೇಡ.

ವರದರಾಜ


ಚಿಕ್ಕಬಳ್ಳಾಪುರ
10 ಆಗಸ್ಟ್ 2024

ವರದ,

ಗಂಗರಾಜುವಿಗೆ ಬರಬೇಡ ಅಂತ ಈಗಲೇ ಹೇಳಿಕಳಿಸು. ಆಮೇಲೆ ಮುಂದಕ್ಕೆ ಓದು.

ಬ್ರೇಕಿಗೆ ಏನೂ ಆಗಿಲ್ಲ. ಆಗಿರುವುದು ನನಗೆ.

ಆ ಅಂಬಾಸಡರಿನ ದಿನದಿಂದ ಈಚೆಗೆ ನಾನು ಒಂದೇ ಒಂದು ಗಾಡಿಯನ್ನೂ ಕಣಿವೆ ಇಳಿಸಿಲ್ಲ. ನೆತ್ತಿಯವರೆಗೆ ಓಡಿಸಿಕೊಂಡು ಹೋಗುತ್ತೇನೆ. ಅಲ್ಲಿ ಇಳಿದು ಮಾಲೀಕನಿಗೆ ಕೀ ಕೊಟ್ಟು, "ನಿಮ್ಮ ಗಾಡಿ, ನಿಮ್ಮ ಕಾಲಿಗೇ ಪೆಡಲ್ಲು ಗೊತ್ತಾಗಬೇಕು ಸ್ವಾಮಿ, ನಾನು ಹಿಂದಿನಿಂದ ಚಕ್ರ ನೋಡ್ತಾ ಬರ್ತೀನಿ" ಎಂದು ಗಂಭೀರವಾಗಿ ಹೇಳಿ, ಹಿಂದೆ ಬರುವ ಬಸ್ಸು ಹತ್ತುತ್ತೇನೆ. ಎಂಥ ಶಿಸ್ತಿನ ಮೆಕ್ಯಾನಿಕ್ ಅಂತ ಅವರೆಲ್ಲ ಮೆಚ್ಚಿದ್ದಾರೆ. ಗಂಗುಲಪ್ಪನಿಗೆ ಗೊತ್ತು. ಬಸ್ಸಿನಲ್ಲೂ ನಾನು ಕಿಟಕಿ ಪಕ್ಕ ಕೂರುವುದಿಲ್ಲ ಅನ್ನುವುದೂ ಅವನಿಗೆ ಗೊತ್ತು.

ಕಿರುಚಿದ್ದರ ಬಗ್ಗೆ ನೀನು ಬರೆದಿದ್ದೆ. ನಾನು ಉತ್ತರ ಬರೆಯಲಿಲ್ಲ. ನೀನು ಬರೆದದ್ದು ಸರಿ.

ನಿನ್ನ ಮಗಳ ಗಾಡಿಗೆ ಮಾತ್ರ ಆ ಆಟ ನಡೆಯುವ ಹಾಗಿರಲಿಲ್ಲ. ಮಳೆ ಅಂದೆ, ಆಷಾಢ ಅಂದೆ. ಶ್ರಾವಣ ಬಂದೇ ಬಿಟ್ಟಿತು. ಮಂಗಳವಾರ ನೆತ್ತಿಯಲ್ಲಿ ಬಾನೆಟ್ ತೆಗೆದದ್ದು ನಿಜ. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತೆ. ಕೀ ತಿರುಗಿಸಿದೆ. ಮೊದಲ ತಿರುವು ಕಂಡಿತು. ಕೀ ವಾಪಸು ತಿರುಗಿಸಿದೆ. ಶರ್ವಾಣಿ ನನ್ನನ್ನು ನೋಡಿ, "ಚಿಕ್ಕಪ್ಪ, ನಾನು ಕೂತ್ಕೊಳ್ಲಾ" ಅಂದಳು. ನಾನು ಆ ಕಡೆ ಸೀಟಿಗೆ ಹೋದೆ. ಇಳಿಸಿದವಳು ಅವಳು. "ಅಪ್ಪ ಕೇಳಿದ್ರೆ ನೀವೇ ಹೇಳ್ಕೊಳ್ಳಿ, ನಾನು ಸುಳ್ಳು ಹೇಳಲ್ಲ, ನಿಜಾನೂ ಹೇಳಲ್ಲ" ಅಂದಿದ್ದಳು. ಮಾತಿಗೆ ನಿಂತಿದ್ದಾಳೆ.

ಈಗ ವಾಸನೆಯ ವಿಷಯ. ಮಾರುತಿಯಲ್ಲಿ ಹಿಂದಿನ ಚಕ್ರ ಹಿಡಿಯುವ ಹ್ಯಾಂಡ್‌ಬ್ರೇಕು ಎರಡು ಸೀಟಿನ ನಡುವೆ ಇದೆ, ನನ್ನ ದುರದೃಷ್ಟಕ್ಕೆ ಸರಿಯಾಗಿ ಕೈಗೆ ಸಿಗುವ ಹಾಗೆ. ಗಾಡಿ ಉರುಳಲು ಶುರುವಾದದ್ದೇ, ತೊಡೆಯ ಮೇಲಿದ್ದ ಟವಲನ್ನು ಅದರ ಮೇಲೆ ಹಾಕಿ, ಟವಲಿನ ಕೆಳಗೆ ಎರಡೂ ಕೈಯಿಂದ ಅದನ್ನು ಅರ್ಧ ಎಳೆದು ಹಿಡಿದೆ. "ಇದೇನ್ ಚಿಕ್ಕಪ್ಪ, ಇಳಿಜಾರಲ್ಲೂ ಆಕ್ಸಿಲರೇಟರ್ ಒತ್ತಬೇಕಾ" ಅಂದಳು. ಹೊಸ ಶೂ ಕಣಮ್ಮ, ಸ್ವಲ್ಪ ಬಿಗಿ ಅಂದೆ. "ಇಲ್ಲೊಂದು ಕೆಂಪು ದೀಪ ಉರೀತಿದೆ" ಅಂದಳು. ಹಳೇ ಗಾಡೀಲಿ ಅದು ಉರಿಯೋದೇ ಅಂದೆ. ಅವಳು ಟವಲನ್ನು ನೋಡಿರಬೇಕು. ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದಳು.

ಎರಡು ಜೊತೆ ಹೊಸ ಶೂ ಈ ಕಾಗದದ ಜೊತೆ ಕಳಿಸಿದ್ದೇನೆ. ಸುಟ್ಟವನ್ನು ನೀನೇ ಬಿಚ್ಚು, ನೀನೇ ಹಾಕು, ಪೈಪುಗಳನ್ನೂ ನಿನ್ನ ಬೆರಳಿಂದಲೇ ಬಗ್ಗಿಸಿ ನೋಡು. ಆಮೇಲೆ ಅವಳ ಪಕ್ಕದಲ್ಲಿ ನೀನು ಕೂತು ಕಣಿವೆ ಇಳಿ. ಅವಳು ನನಗಿಂತ ಚೆನ್ನಾಗಿ ಇಳಿಸುತ್ತಾಳೆ, ನಿನಗಿಂತಲೂ. ಬೇಕಾದರೆ ನಾನೂ ಬರುತ್ತೇನೆ. ಹಿಂದಿನ ಸೀಟಿನಲ್ಲಿ ಕೂರುತ್ತೇನೆ, ಅಲ್ಲಿ ಕೈಗೆ ಎಟುಕುವುದು ಏನೂ ಇಲ್ಲ.

ಇನ್ನೊಂದು ಉಳಿದಿದೆ. ಅದನ್ನು ಬರೆಯಬೇಕೋ ಬೇಡವೋ ಅಂತ ಎರಡು ಟೀ ಕುಡಿದೆ. ಮಂಚೇನಹಳ್ಳಿಯಲ್ಲಿ ಇಳಿದೆ ಅಂತ ಬರೆದೆನಲ್ಲ, ಅದೂ ಸುಳ್ಳು. ನಾನು ಇಳಿದದ್ದು ನಿಮ್ಮೂರ ಬಸ್ ಸ್ಟ್ಯಾಂಡಿನಲ್ಲಿ. ಅಲ್ಲಿ ಶರ್ವಾಣಿ ಗಾಡಿ ನಿಲ್ಲಿಸಿ, ಸುತ್ತಿಕೊಂಡು ಈ ಕಡೆ ಬಂದು ಬಾಗಿಲು ತೆಗೆದು, ಟವಲಿನ ಕೆಳಗಿನ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಇಳಿಜಾರು ಮುಗಿದು ಎಷ್ಟೊತ್ತಾಯ್ತು ಚಿಕ್ಕಪ್ಪ" ಅಂದಳು. ನನಗೆ ಗೊತ್ತಾಗಲಿಲ್ಲ ಕಣೋ. ಮಣ್ಣುದಿಬ್ಬದ ಮೇಲಿನ ಹುಲ್ಲು, ಗುಡ್ಡದ ಬಿಸಿಲು, ಹೊಲ, ಎಲ್ಲ ಅವಳು ಆಮೇಲೆ ಹೇಳಿದ್ದು. ನೆತ್ತಿ ಬಿಟ್ಟಾಗಿನಿಂದ ನಾನು ಕಣ್ಣೇ ತೆರೆದಿರಲಿಲ್ಲ.

ಸುಧಿ